ಸಾರ್ಬೊಥೇನ್ ಪಾದ, ಗೋಡೆ ಶೆಲ್ಫು, ಲೀನಿಯರ್ ಪವರ್ ಸಪ್ಲೈ: ಹಲಗೆ ನೆಲದ ಮಲೆನಾಡು ಮನೆಯಲ್ಲಿ ಕೆಲವು ಮಳೆಗಾಲ ಕಳೆದ ಮೇಲೆ

ಕೊಳ್ಳುವ ಯೋಚನೆಯಲ್ಲಿ ಇರುವವರಿಗೆ ಮೊದಲೇ ಹೇಳಿಬಿಡುತ್ತೇನೆ. ನಡುಕ ತಡೆಯುವ ಸಾರ್ಬೊಥೇನ್ ಎಂಬ ಮೆತ್ತನೆಯ ರಬ್ಬರಿನಂಥ ಪಾದ, ಗೋಡೆ ಶೆಲ್ಫು, ಕರೆಂಟಿನ ಕೊಳೆ ತಗ್ಗಿಸುವ ಲೀನಿಯರ್ ಪವರ್ ಸಪ್ಲೈ, ಈ ವಸ್ತುಗಳಿಗೆ ಹಾಕಿದ ದುಡ್ಡು ಸಾರ್ಥಕ ಆದದ್ದು ಟರ್ನ್‌ಟೇಬಲ್ (ರೆಕಾರ್ಡು ಪ್ಲೇಯರ್) ಮತ್ತು ಅದರ ಸಿಗ್ನಲ್ ಹಿಗ್ಗಿಸುವ ಫೋನೊ ಪ್ರೀಆಂಪ್ ವಿಷಯದಲ್ಲಿ. ಇಂಟರ್ನೆಟ್ಟಿನ ಸಂಗೀತ ನುಡಿಸುವ ಸ್ಟ್ರೀಮರ್, ಡಿಜಿಟಲ್ ಸಂಗೀತವನ್ನು ಆಂಪ್ಲಿಫೈಯರಿಗೆ ಬೇಕಾದ ಸಿಗ್ನಲ್ ಆಗಿಸುವ ಡ್ಯಾಕ್, ಇವುಗಳ ಕಡೆ ಹಾಕಿದ್ದರಿಂದ ನನ್ನ ಕಿವಿಗೆ ಏನೂ ದಕ್ಕಲಿಲ್ಲ. ಕಾರಣ ಲೆಕ್ಕದಲ್ಲೇ ಇದೆ. ನನ್ನಲ್ಲಿರುವ ಆಡಿಯೊ-ಟೆಕ್ನಿಕಾ ವಿಎಂ 95ಇ ಕಾರ್ಟ್ರಿಜ್ (ಸೂಜಿಯ ನಡುಕವನ್ನು ಸಿಗ್ನಲ್ ಆಗಿಸುವ ತುಣುಕು) ಕೊಡುವುದು ಸುಮಾರು 4 ಮಿಲಿವೋಲ್ಟ್. ಮಾಮೂಲಿ ಡ್ಯಾಕ್ ಒಂದು ಕೊಡುವುದು 2 ವೋಲ್ಟ್, ಅಂದರೆ ಅದರ ಐನೂರು ಪಟ್ಟು. ಸೂಜಿಯ ಆ ಚಿಟಿಕೆ ಸಿಗ್ನಲ್ಲನ್ನು ಫೋನೊ ಪ್ರೀಆಂಪ್ ನೂರು ಪಟ್ಟು ಹಿಗ್ಗಿಸುತ್ತದೆ. ಅದರ ಮೇಲೆ, ರೆಕಾರ್ಡು ಕೊರೆಯುವಾಗ ತಗ್ಗಿಸಿದ ಮಂದ್ರ ಸ್ವರಗಳನ್ನು ಮತ್ತೆ ಎತ್ತಬೇಕಾಗಿರುವುದರಿಂದ 50 ಹರ್ಟ್ಸ್ (ಸೆಕೆಂಡಿಗೆ 50 ಕಂಪನ) ಹತ್ತಿರ ಇನ್ನೂ ಸುಮಾರು 17 ಡೆಸಿಬಲ್, ಅಂದರೆ ಮತ್ತೆ ಏಳು ಪಟ್ಟು, ಸೇರುತ್ತದೆ. ಕರೆಂಟಿನ ಗುಂಯ್‌ ಶಬ್ದ ಇರುವುದೂ ಅಲ್ಲೇ, ನೆಲದ ನಡುಕ ಇರುವುದು ಅದಕ್ಕಿಂತ ಕೆಳಗೆ. ಹಾಗಾಗಿ ಸೂಜಿಯ ಹತ್ತಿರ ನುಸುಳಿದ ಕೊಳೆ ಏಳುನೂರು ಪಟ್ಟು ದೊಡ್ಡದಾಗಿ ಸ್ಪೀಕರಿಗೆ ಬರುತ್ತದೆ.

ಮನೆ ಸಾಗರದ ಕಡೆಯದು, ಹಳೆಯದು. ಜಂಬಿಟ್ಟಿಗೆ ಗೋಡೆ, ಉಪ್ಪರಿಗೆಗೆ ಮರದ ತೊಲೆಯ ಮೇಲೆ ಹಲಗೆ ಹಾಸು. ಸಂಗೀತ ಕೇಳುವುದು ಆ ಉಪ್ಪರಿಗೆಯಲ್ಲಿ. ಡೈರೆಕ್ಟ್ ಡ್ರೈವ್ ಟರ್ನ್‌ಟೇಬಲ್, ಬೇರೆ ಫೋನೊ ಪ್ರೀಆಂಪ್, ಒಂದು ಇಂಟಿಗ್ರೇಟೆಡ್ ಆಂಪ್ಲಿಫೈಯರ್, ಸ್ಟ್ಯಾಂಡಿನ ಮೇಲೆ ಎರಡು ಬುಕ್‌ಶೆಲ್ಫ್ ಸ್ಪೀಕರ್, ಪಕ್ಕದಲ್ಲಿ ಸ್ಟ್ರೀಮರ್ ಆಗಿ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಮತ್ತು ಯುಎಸ್‌ಬಿ ಡ್ಯಾಕ್. ಪೇಟೆಯ ಕಾಂಕ್ರೀಟ್ ಮನೆಯವರಿಗೆ ನನ್ನ ಅನುಭವದ ಅರ್ಧ ಭಾಗ ಅನ್ವಯಿಸದೇ ಇರಬಹುದು, ಅದನ್ನು ನೆನಪಿಟ್ಟುಕೊಂಡೇ ಓದಿ.

ಕಂಪನ ಎಷ್ಟಿದೆ ಎಂದು ತಿಳಿಯಲು ಯಾವ ಯಂತ್ರವೂ ಬೇಡ. ಪ್ಲಾಟರ್ (ರೆಕಾರ್ಡು ಕೂರುವ ತಟ್ಟೆ) ತಿರುಗಿಸದೆ, ನಿಂತ ರೆಕಾರ್ಡಿನ ಮೇಲೆ ಸೂಜಿ ಇಳಿಸಿ, ವಾಲ್ಯೂಮನ್ನು ನಿಧಾನಕ್ಕೆ ಏರಿಸಿ, ಟರ್ನ್‌ಟೇಬಲ್ ಇಟ್ಟಿರುವ ಮೇಜನ್ನು ಬೆರಳ ತುದಿಯಿಂದ ತಟ್ಟಿ. ಸ್ಪೀಕರಿನಲ್ಲಿ ಬಂದ ಸದ್ದೇ ನಿಮ್ಮ ಉತ್ತರ. ಆಮೇಲೆ ಸ್ಪೀಕರಿನ ಮುಂದಿನ ಬಟ್ಟೆಯ ಜಾಲರಿ ತೆಗೆದು, ರೆಕಾರ್ಡು ಹಚ್ಚಿ, ಮನೆಯವರೊಬ್ಬರಿಗೆ ಕೋಣೆಯಲ್ಲಿ ಓಡಾಡಲು ಹೇಳಿ. ನಮ್ಮಲ್ಲಿ ಒಂದೊಂದು ಹೆಜ್ಜೆಗೂ ವೂಫರಿನ (ಮಂದ್ರ ಸ್ವರ ನುಡಿಸುವ ಸ್ಪೀಕರ್ ಭಾಗ) ಕಾಗದದ ಕೋನು ಒಳಗೆ ಹೊರಗೆ ತೂಗುತ್ತಿತ್ತು. ಸದ್ದು ಕೇಳಿಸುತ್ತಿರಲಿಲ್ಲ, ಆದರೆ ಆಂಪ್ಲಿಫೈಯರಿನ ಶಕ್ತಿ ಅದಕ್ಕೇ ಖರ್ಚಾಗಿ ವೀಣೆಯ ಮಂದ್ರದ ತಂತಿ ರಾಡಿಯಾಗಿ ಕೇಳುತ್ತಿತ್ತು.

ಸಾರ್ಬೊಥೇನ್ ಅರ್ಧಗೋಲಗಳನ್ನು ತಂದದ್ದು ಇದಕ್ಕಾಗಿ. ಅಡುಗೆಮನೆ ಕಟ್ಟೆಗೆ ಹಾಸಿ ಉಳಿದಿದ್ದ ಗ್ರಾನೈಟಿನಿಂದ ಒಂದು ಚಪ್ಪಡಿ ಕೊಯ್ಯಿಸಿ, 45 ಸೆಂಟಿಮೀಟರ್ ಉದ್ದ, 35 ಅಗಲ, 2 ದಪ್ಪ, ಅದರ ಕೆಳಗೆ ನಾಲ್ಕು ಮೂಲೆಗೆ ಕೊಟ್ಟೆ. ಕಲ್ಲಿನ ತೂಕವೇ ಸುಮಾರು ಎಂಟೂವರೆ ಕಿಲೋ. ಬೆರಳಲ್ಲಿ ತಟ್ಟಿದರೆ ಮೊದಲು ಸ್ಪೀಕರಿನಲ್ಲಿ 'ಟಕ್' ಅನ್ನುತ್ತಿದ್ದದ್ದು ಬಹುಪಾಲು ಅಡಗಿತು. ಗಾಳಿಯಲ್ಲಿ ಬರುವ ಬಾಸ್ ಕಲ್ಲಿಗೆ ಬಡಿದು ಸೂಜಿಗೆ ಮರಳುವುದೂ ಕಡಿಮೆಯಾಯಿತು, ವಾಲ್ಯೂಮ್ ಇನ್ನಷ್ಟು ಏರಿಸಿದರೂ ಹುಯ್ಯೆನ್ನುವುದಿಲ್ಲ. ಹೆಜ್ಜೆಯ ತೂಗಾಟ ಮಾತ್ರ ಒಂದಿಷ್ಟೂ ಇಳಿಯಲಿಲ್ಲ.

ಇದು ವಸ್ತುವಿನ ದೋಷ ಅಲ್ಲ, ಮಾರುವವರು ಬಿಡಿಸಿ ಹೇಳದ ವಿಷಯ. ಮೆತ್ತನೆಯ ಪಾದ ಅಂದರೆ ಒಂದು ಸ್ಪ್ರಿಂಗು. ಭಾರಕ್ಕೆ ಅದು 1 ಮಿಲಿಮೀಟರ್ ಕುಸಿದರೆ ಅದರ ಸ್ವಂತ ಕಂಪನ ಸುಮಾರು 16 ಹರ್ಟ್ಸ್. ಅದರ 1.4 ಪಟ್ಟಿಗಿಂತ ಮೇಲಿನ, ಅಂದರೆ 22 ಹರ್ಟ್ಸ್ ದಾಟಿದ ನಡುಕವನ್ನು ಮಾತ್ರ ಅದು ತಡೆಯುತ್ತದೆ. ಹಲಗೆ ನೆಲದ ಹೆಜ್ಜೆ ಇರುವುದು 10 ಹರ್ಟ್ಸಿಗಿಂತ ಕೆಳಗೆ. ಟೋನ್‌ಆರ್ಮ್ (ಸೂಜಿ ಹೊತ್ತ ತೋಳು) ಮತ್ತು ಕಾರ್ಟ್ರಿಜ್ ಸೇರಿ ತಾವೇ ಅನುರಣಿಸುವುದು 8ರಿಂದ 12 ಹರ್ಟ್ಸಿನಲ್ಲಿ. ಅಲ್ಲಿ ಸಣ್ಣ ರಬ್ಬರ್ ಪಾದ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. 5 ಹರ್ಟ್ಸಿಗೆ ಇಳಿಸಬೇಕಾದರೆ ಪಾದ 10 ಮಿಲಿಮೀಟರ್ ಕುಸಿಯುವಷ್ಟು ಮೆತ್ತಗಿರಬೇಕು. ಅರ್ಧ ಗಾಳಿ ತುಂಬಿದ ಸೈಕಲ್ ಟ್ಯೂಬು ಅದನ್ನು ಮಾಡಬಲ್ಲದು, ಆದರೆ ಗಾಳಿ ಇಳಿದಂತೆ ಮಟ್ಟ ತಪ್ಪುತ್ತದೆ, ದಿನಾ ಪಂಪು ಹಿಡಿದು ಕೂರಬೇಕು.

ಹೆಜ್ಜೆಗೆ ನಿಜವಾದ ಮದ್ದು ಗೋಡೆ ಶೆಲ್ಫು. ಊರಿನ ವೆಲ್ಡಿಂಗ್ ಶಾಪಿನಲ್ಲಿ ಎಲ್ ಆಂಗಲ್‌ನಿಂದ ಎರಡು ಬ್ರಾಕೆಟ್ ಮಾಡಿಸಿ, ದಪ್ಪ ಜಂಬಿಟ್ಟಿಗೆ ಗೋಡೆಗೆ ಉದ್ದನೆಯ ಆಂಕರ್ ಬೋಲ್ಟ್ ಹೊಡೆಸಿ ಕೂರಿಸಿದೆ. ನೆಲ ಕುಣಿದರೂ ಗೋಡೆ ಕುಣಿಯುವುದಿಲ್ಲ. ವೂಫರಿನ ತೂಗಾಟ ಅವತ್ತೇ ನಿಂತಿತು. ಕೊಂಡ ಯಾವ ವಸ್ತುವಿಗಿಂತಲೂ ಇದು ಅಗ್ಗ, ಎಲ್ಲಕ್ಕಿಂತ ಹೆಚ್ಚು ಕೆಲಸ ಮಾಡಿದ್ದೂ ಇದೇ. ಸಾರ್ಬೊಥೇನ್ ಮೇಲಿನ ಕಲ್ಲು ಈಗ ಶೆಲ್ಫಿನ ಮೇಲಿದೆ. ಹೆಜ್ಜೆಯನ್ನು ಗೋಡೆ ನೋಡಿಕೊಳ್ಳುತ್ತದೆ, ಅದಕ್ಕಿಂತ ಮೇಲಿನ ಹರ್ಟ್ಸಿನ ನಡುಕವನ್ನು ಪಾದಗಳು. ಈ ಜೋಡಿಗೆ ನನ್ನ ಪೂರ್ಣ ಅಂಕ.

ಬಾಳಿಕೆಯ ಮಾತು. ಸಾರ್ಬೊಥೇನ್ ಕೊಳ್ಳುವಾಗ ತೂಕಕ್ಕೆ ತಕ್ಕ ಗಡಸುತನ ನೋಡಿ ಕೊಳ್ಳಿ. ಭಾರ ಬಿದ್ದಾಗ ಎತ್ತರದ 10ರಿಂದ 20 ಶೇಕಡಾ ಕುಸಿಯಬೇಕು. ಕಡಿಮೆಯಾದರೆ ಕೆಲಸ ಮಾಡದು, ಹೆಚ್ಚಾದರೆ ಚಪ್ಪಟೆಯಾಗಿ ಗಟ್ಟಿಯಾಗುತ್ತದೆ. ವರ್ಷ ಕಳೆದಂತೆ ನಿಧಾನಕ್ಕೆ ಇನ್ನಷ್ಟು ಕುಗ್ಗುತ್ತದೆ. ಟೋನ್‌ಆರ್ಮ್ ಇರುವ ಬದಿ ಭಾರ ಹೆಚ್ಚು, ಅಲ್ಲಿಯ ಎರಡು ಪಾದ ಬೇಗ ತಗ್ಗಿದವು. ಮಳೆಗಾಲ ಶುರುವಾಗುವಾಗ ಒಮ್ಮೆ, ಮುಗಿದಾಗ ಒಮ್ಮೆ ರಸಮಟ್ಟ ಇಟ್ಟು ನೋಡಿ, ಪಾದಗಳನ್ನು ಬದಿ ಬದಲಿಸುತ್ತೇನೆ. ಪಾಲಿಶ್ ಮಾಡಿದ ಮರದ ಮೇಲೆ ಎಣ್ಣೆಯಂಥ ಕಲೆ ಬಿಡುತ್ತದೆ. ಹಳೆ ಎಕ್ಸ್‌ರೇ ಫಿಲ್ಮನ್ನು ತುಂಡು ಮಾಡಿ ಅಡಿಗಿಟ್ಟರೆ ಆ ತೊಂದರೆ ಇಲ್ಲ. ಸ್ಪೀಕರ್ ಸ್ಟ್ಯಾಂಡಿನ ಚೂಪು ಸ್ಪೈಕ್‌ಗಳನ್ನು ಹಲಗೆ ನೆಲಕ್ಕೆ ಬಳಸಲೇಬೇಡಿ, ಅವು ನಡುಕವನ್ನು ತಡೆಯುವುದಿಲ್ಲ, ನೇರ ಹಲಗೆಗೆ ದಾಟಿಸುತ್ತವೆ. ರಬ್ಬರ್ ಪ್ಯಾಡ್ ಹಾಕಿದ ಮೇಲೆ ಕೆಳಗೆ ಜಗಲಿಯಲ್ಲಿ ಕೂತ ಅಮ್ಮ, "ಈಗ ತಲೆ ಮೇಲೆ ಮದ್ದಲೆ ಬಾರಿಸಿದ ಹಾಗೆ ಆಗ್ತಿಲ್ಲ ಮಾರಾಯಾ" ಅಂದರು.

ಇನ್ನು ಕರೆಂಟು. ನಮ್ಮ ಸಂಗೀತಕ್ಕೆ ಈ ಗುಂಯ್‌ ಶಬ್ದ ವಿಶೇಷವಾಗಿ ಹಾನಿ, ಯಾಕೆಂದರೆ ತಂಬೂರಿಯ ಜಾಗಕ್ಕೇ ಬಂದು ಕೂರುತ್ತದೆ. 50 ಹರ್ಟ್ಸ್ ಸರಬರಾಜಿನ ಕೊಳೆ 100, 150 ಹರ್ಟ್ಸಿನಲ್ಲೂ ಇರುತ್ತದೆ. ಹಾರ್ಮೋನಿಯಮ್ಮಿನ ಮೊದಲ ಕಪ್ಪು ಮನೆಯ, ಅಂದರೆ ಕಪ್ಪು ಒಂದರ ಷಡ್ಜ ಸುಮಾರು 139 ಹರ್ಟ್ಸ್. 150ರ ಗುಂಯ್‌ ಅದರ ಪಕ್ಕದಲ್ಲೇ ಅಪಶ್ರುತಿಯಾಗಿ ಉಜ್ಜುತ್ತದೆ. ಆಲಾಪದ ನಡುವೆ ಗಾಯಕರು ಉಸಿರೆಳೆದುಕೊಳ್ಳುವಾಗ ತಂಬೂರಿ ಒಂದೇ ಉಳಿಯುತ್ತದಲ್ಲ, ಆ ಕ್ಷಣದಲ್ಲಿ ಅದು ಎದ್ದು ಕೇಳುತ್ತದೆ. ಮಲ್ಲಿಕಾರ್ಜುನ ಮನ್ಸೂರರ ರೆಕಾರ್ಡು ಹಚ್ಚಿ ಅದನ್ನು ಸಹಿಸುವುದು ನನ್ನಿಂದಾಗುತ್ತಿರಲಿಲ್ಲ.

ಪವರ್ ಸಪ್ಲೈ ಕೊಳ್ಳುವ ಮೊದಲು ಅರ್ತಿಂಗ್ ಸರಿ ಮಾಡಿಸಿ. ನಾವು ಹೊಸ ಗುಂಡಿ ತೆಗೆಸಿ, ಜಿಐ ಪೈಪ್ ನಿಲ್ಲಿಸಿ, ಇದ್ದಿಲು ಉಪ್ಪು ಪದರ ಹಾಕಿಸಿದೆವು. ಬೇಸಿಗೆಯಲ್ಲಿ ಜಂಬಿಟ್ಟಿಗೆ ಮಣ್ಣು ಒಣಗಿ ಅರ್ತ್ ದುರ್ಬಲವಾಗುತ್ತದೆ, ಆಗ ಗುಂಡಿಗೆ ನೀರು ಹೊಯ್ಯಬೇಕು. ಎಲ್ಲ ಪೆಟ್ಟಿಗೆಗಳಿಗೂ ಒಂದೇ ಗೋಡೆ ಸಾಕೆಟಿನಿಂದ ಕರೆಂಟು ಕೊಡಿ. ಬೇರೆ ಬೇರೆ ಸಾಕೆಟ್ ಆದರೆ ಅರ್ತ್ ವೈರು ಮತ್ತು ಆಡಿಯೊ ಕೇಬಲ್ ಸೇರಿ ಒಂದು ಸುತ್ತು ಆಗಿ ಗುಂಯ್‌ಗುಟ್ಟುತ್ತದೆ. ಟರ್ನ್‌ಟೇಬಲಿನ ಸಣ್ಣ ಗ್ರೌಂಡ್ ವೈರನ್ನು ಪ್ರೀಆಂಪಿನ ಸ್ಕ್ರೂಗೆ ಬಿಗಿಯಿರಿ. ಇನ್ವರ್ಟರ್ ಸ್ಕ್ವೇರ್ ವೇವ್ ಆಗಿದ್ದರೆ ಸೈನ್ ವೇವಿಗೆ ಬದಲಿಸಿ. ನಮ್ಮ ಆಂಪ್ಲಿಫೈಯರಿನ ಟ್ರಾನ್ಸ್‌ಫಾರ್ಮರ್ ಕರೆಂಟು ಹೋದಾಗೆಲ್ಲ ಗೊರ್ರ್ ಅನ್ನುತ್ತಿದ್ದದ್ದು ಅದರಿಂದಲೇ ನಿಂತಿತು. ಗುಂಯ್‌ ಶಬ್ದದ ಬಹುಪಾಲು ಇಲ್ಲಿಗೇ ಮುಗಿಯಿತು.

ಉಳಿದದ್ದು, ಟ್ವೀಟರಿಗೆ (ತಾರ ಸ್ವರ ನುಡಿಸುವ ಸ್ಪೀಕರ್ ಭಾಗ) ಕಿವಿ ಇಟ್ಟರೆ ಕೇಳುವ ತೆಳುವಾದ ಚಿರ್ರ್ ಸದ್ದು. ಫೋನೊ ಪ್ರೀಆಂಪಿನ ಎರಡು ಪಿನ್ನಿನ 12 ವೋಲ್ಟ್ ಸ್ವಿಚಿಂಗ್ ಅಡಾಪ್ಟರಿನ (ಫೋನ್ ಚಾರ್ಜರಿನ ಜಾತಿಯದು) ಕಾಣಿಕೆ ಅದು. ಇಂಥ ಅಡಾಪ್ಟರುಗಳೊಳಗೆ ಒಂದು ಸಣ್ಣ ಕೆಪಾಸಿಟರ್ ಮೂಲಕ ಅತ್ಯಲ್ಪ ಕರೆಂಟು ಔಟ್‌ಪುಟ್ ಕಡೆ ಸೋರುತ್ತದೆ. ಲೋಹದ ಪೆಟ್ಟಿಗೆಯ ಮೇಲೆ ಬೆರಳಿನ ಹಿಂಬದಿ ಸವರಿದರೆ ಜುಮ್ಮೆನ್ನುವುದು ಅದೇ. ಅದು ವಾಪಸು ಹೋಗಲು ಆಡಿಯೊ ಕೇಬಲಿನ ಹೊರಕವಚವನ್ನೇ ದಾರಿ ಮಾಡಿಕೊಳ್ಳುತ್ತದೆ. ಬೆಂಗಳೂರಿನ ಎಸ್‌.ಪಿ. ರಸ್ತೆಯ ಬಿಡಿಭಾಗಗಳಿಂದ ಪರಿಚಯದವರೊಬ್ಬರು ಮಾಡಿಕೊಟ್ಟ, ದೊಡ್ಡ ಟ್ರಾನ್ಸ್‌ಫಾರ್ಮರ್ ಇರುವ ಹಳೆ ಬಗೆಯ ಲೀನಿಯರ್ ಸಪ್ಲೈ ಹಾಕಿದ ಮೇಲೆ ಚಿರ್ರ್ ಇಲ್ಲ, ಜುಮ್ಮೂ ಇಲ್ಲ. ಕೂತಲ್ಲಿಗೆ ಈ ವ್ಯತ್ಯಾಸ ಸಣ್ಣದು, ಆದರೆ ರಾತ್ರಿ ಮನೆ ಮಲಗಿದ ಮೇಲೆ ವೀಣೆ ದೊರೆಸ್ವಾಮಿ ಅಯ್ಯಂಗಾರರನ್ನು ಕೇಳುವಾಗ ಮೀಟಿದ ತಂತಿಯ ನಾದ ಕರಗುವವರೆಗೂ ಹಿಂಬಾಲಿಸಬಹುದು. ನನಗೆ ಅಷ್ಟು ಸಾಕು.

ಹಳ್ಳಿಯವರು ಗಮನಿಸಬೇಕಾದ್ದು ಇಲ್ಲಿದೆ. ಸ್ವಿಚಿಂಗ್ ಅಡಾಪ್ಟರ್ 100ರಿಂದ 240 ವೋಲ್ಟಿನವರೆಗೂ ಒಂದೇ ಸಮನೆ ನಡೆಯುತ್ತದೆ, ಲೀನಿಯರ್ ಹಾಗಲ್ಲ. ನನ್ನದರಲ್ಲಿ ಮೊದಲು 15 ವೋಲ್ಟಿನ ಟ್ರಾನ್ಸ್‌ಫಾರ್ಮರ್ ಇತ್ತು. 230 ಇದ್ದಾಗ ಸೊಗಸು. ತೋಟದ ಪಂಪುಗಳೆಲ್ಲ ಓಡಿ ಲೈನು 160ಕ್ಕೆ ಕುಸಿದಾಗ, ರೆಗ್ಯುಲೇಟರಿಗೆ (ವೋಲ್ಟೇಜನ್ನು ಸ್ಥಿರವಾಗಿಡುವ ಭಾಗ) ಬೇಕಾದ ಹೆಚ್ಚುವರಿ ಎರಡು ವೋಲ್ಟ್ ಸಿಗದೆ 100 ಹರ್ಟ್ಸಿನ ಗೊರಗೊರ ನೇರ ಒಳಗೆ ಬರುತ್ತಿತ್ತು. 18 ವೋಲ್ಟಿನದಕ್ಕೆ ಬದಲಿಸಿ, ಹೀಟ್‌ಸಿಂಕ್ ದೊಡ್ಡದು ಹಾಕಿಸಿದ ಮೇಲೆ ಸರಿಹೋಯಿತು. ಮಾಡಿಸುವವರು ನಿಮ್ಮೂರಿನ ಸಂಜೆಯ ವೋಲ್ಟೇಜ್ ಅಳೆದು ಅದನ್ನೇ ಹೇಳಿ. ಪೆಟ್ಟಿಗೆಯನ್ನು ಟರ್ನ್‌ಟೇಬಲಿನಿಂದ ಎರಡಡಿ ದೂರ ಇಡಿ. ಕೈಯಲ್ಲಿ ಹಿಡಿದು ಕಾರ್ಟ್ರಿಜ್ ಹತ್ತಿರ ತಂದು ನೋಡಿ, ಟ್ರಾನ್ಸ್‌ಫಾರ್ಮರಿನ ಕಾಂತಕ್ಷೇತ್ರ ಎಷ್ಟು ದೂರ ಚಾಚುತ್ತದೆಂದು ಕಿವಿಗೇ ಗೊತ್ತಾಗುತ್ತದೆ.

ರಾಸ್ಪ್‌ಬೆರಿ ಪೈಗೂ 5 ವೋಲ್ಟಿನ ಲೀನಿಯರ್ ಮಾಡಿಸಿ ತಿಂಗಳುಗಟ್ಟಲೆ ಬಳಸಿದ್ದೇನೆ. ಯಾವುದು ಹಾಕಿದ್ದಾಳೆಂದು ಹೇಳದೆ ಹೆಂಡತಿ ಅದನ್ನೂ ಮಾಮೂಲಿ ಅಡಾಪ್ಟರನ್ನೂ ಬದಲಿಸುತ್ತಾ ಹೋದಾಗ ನನಗೂ ಗುರುತು ಸಿಗಲಿಲ್ಲ, ಕೇಳಲು ಬಂದ ಗೆಳೆಯರಿಗೂ ಸಿಗಲಿಲ್ಲ. ಡ್ಯಾಕಿನ ಅಡಿಗೆ ಸಾರ್ಬೊಥೇನ್ ಇಟ್ಟಾಗಲೂ ಅಷ್ಟೇ. ಅಲ್ಲಿ ನಡುಗುವ ಸೂಜಿ ಇಲ್ಲ. ಆ ದುಡ್ಡಿಗೆ ಒಳ್ಳೆಯ ಸೂಜಿ ಕೊಳ್ಳಿ.

ಏಪ್ರಿಲ್, ಮೇ ತಿಂಗಳ ಸಿಡಿಲಿಗೆ ಇದ್ಯಾವುದೂ ರಕ್ಷಣೆ ಅಲ್ಲ. ಗುಡುಗು ದೂರದಲ್ಲಿ ಕೇಳಿದ ಕೂಡಲೇ ಎಲ್ಲ ಪ್ಲಗ್ ಕಿತ್ತಿಡಿ, ಇಂಟರ್ನೆಟ್ಟಿನ ವೈರನ್ನೂ ಸೇರಿಸಿ.