ಜನರೇಟರ್ ಟ್ರೇಲರ್ ಎಳೆಯಲು ಪಿಕಪ್: ನಾಲ್ಕು ವಾಹನ ನೋಡಿ ಒಂದನ್ನು ಕೊಂಡ ಬಗೆ

ಬಾಗಲಕೋಟೆಯ ನವನಗರದಲ್ಲಿ ನಮ್ಮದು ಶಾಮಿಯಾನ, ದೀಪ ಮತ್ತು ಜನರೇಟರ್ ಬಾಡಿಗೆಗೆ ಕೊಡುವ ವ್ಯವಹಾರ. ವರ್ಷದ ಉಳಿದ ತಿಂಗಳುಗಳಲ್ಲಿ ಮದುವೆ, ವಾಸ್ತುಶಾಂತಿ ಎಂದು ಊರಿನ ಸುತ್ತಮುತ್ತಲೇ ಕೆಲಸ ಸಿಗುತ್ತದೆ. ಜನವರಿ ಬಂತೆಂದರೆ ಹಾಗಲ್ಲ: ಸಂಕ್ರಮಣಕ್ಕೆ ವಿಜಯಪುರದ ಸಿದ್ಧೇಶ್ವರ ಜಾತ್ರೆ, ಬನದ ಹುಣ್ಣಿಮೆಗೆ ಬಾದಾಮಿ ಬಳಿಯ ಬನಶಂಕರಿ ಜಾತ್ರೆ ಎಂದು, ಎರಡು ಚಕ್ರದ ಟ್ರೇಲರಿನ ಮೇಲೆ ಕೂರಿಸಿದ 30 ಕೆವಿಎ ಜನರೇಟರನ್ನು ಕೃಷ್ಣೆಯ ಆಚೆ ಈಚೆ ಎಳೆದುಕೊಂಡು ಓಡಾಡಬೇಕಾಗುತ್ತದೆ. ಬನಶಂಕರಿಯಲ್ಲಿ ನಾಟಕ ಕಂಪನಿಗಳು ವಾರಗಟ್ಟಲೆ ಟೆಂಟ್ ಹಾಕಿ ರಾತ್ರಿಯಿಡೀ ಆಟ ಆಡುತ್ತವೆ. ಟಿಕೆಟ್ ಕೊಂಡು ಕುಳಿತ ಜನರ ಮುಂದೆ ರಂಗದ ದೀಪ ಆರಬಾರದು. ಆದ್ದರಿಂದ ನಮ್ಮ ಜನರೇಟರ್ ಹೇಳಿದ ಹೊತ್ತಿಗೆ ಅಲ್ಲಿ ಮುಟ್ಟಿರಲೇಬೇಕು.

ಹಿಂದೆ ಈ ಕೆಲಸಕ್ಕೆ ಬಾಡಿಗೆ ಟ್ರ್ಯಾಕ್ಟರ್ ಕರೆಯುತ್ತಿದ್ದೆವು. ಜಾತ್ರೆಯ ಕಾಲವೇ ಕಬ್ಬಿನ ಹಂಗಾಮೂ ಆಗಿರುವುದರಿಂದ ಆಗ ಟ್ರ್ಯಾಕ್ಟರ್ ಸಿಗುವುದು ಕಷ್ಟ, ಸಿಕ್ಕರೂ ವಿಜಯಪುರ ಮುಟ್ಟಲು ಅರ್ಧ ದಿನ ಬೇಕು. ಆಮೇಲೆ ಒಂದು ಹಳೆಯ ಪಿಕಪ್ ಕೊಂಡು ಮೂರು ವರ್ಷ ಎಳೆದೆವು. ಅದನ್ನು ಬದಲಿಸುವ ಸಮಯ ಬಂದಾಗ ನನ್ನ ಮುಂದಿದ್ದ ಬೇಡಿಕೆಗಳು ಎರಡು: ಒಂದೂವರೆ ಟನ್ ಭಾರದ ಟ್ರೇಲರನ್ನು ಧೈರ್ಯವಾಗಿ ಎಳೆಯಬೇಕು, ಮತ್ತು ಮೊಣಕಾಲು ನೋವಿರುವ ನನ್ನ ತಾಯಿಯನ್ನು ತಿಂಗಳಿಗೊಮ್ಮೆ ಬೆಳಗಾವಿಯ ಆಸ್ಪತ್ರೆಗೆ ಅದೇ ಗಾಡಿಯಲ್ಲಿ ಕೂರಿಸಿಕೊಂಡು ಹೋಗುವಂತಿರಬೇಕು. ಇವೆರಡಕ್ಕೂ ಒಂದೇ ವಾಹನ ಸಾಕಾಗುತ್ತದೆಯೇ ಎಂಬುದನ್ನು ನೋಡಲು ಸುಮಾರು ಆರು ತಿಂಗಳು ತೆಗೆದುಕೊಂಡೆ.

ವಾಹನಗಳ ಮಾತಿಗೆ ಮೊದಲು, ಆ ಹಳೆಯ ಪಿಕಪ್ಪಿನ ಹಿಂದೆ ಮೊದಲ ಸಲ ಟ್ರೇಲರ್ ಕಟ್ಟಿದ ದಿನ ನಡೆದದ್ದನ್ನು ಹೇಳಬೇಕು. ಗದ್ದನಕೇರಿ ಕ್ರಾಸ್ ದಾಟಿ 60ರ ವೇಗಕ್ಕೆ ಬಂದಿದ್ದೆ. ಸ್ಟೇರಿಂಗ್ ಕೈಯಲ್ಲಿ ಇದ್ದಕ್ಕಿದ್ದಂತೆ ಹಗುರವಾಯಿತು. ಕನ್ನಡಿಯಲ್ಲಿ ಟ್ರೇಲರಿನ ಎಡ ಮಗ್ಗುಲು ಕಂಡಿತು, ಮರುಕ್ಷಣ ಬಲ ಮಗ್ಗುಲು, ಮತ್ತೆ ಎಡ, ಪ್ರತಿ ಸಲವೂ ಇನ್ನಷ್ಟು ಅಗಲವಾಗಿ. ಬ್ರೇಕ್ ಒತ್ತದೆ, ಸ್ಟೇರಿಂಗ್ ನೆಟ್ಟಗೆ ಹಿಡಿದು ಆಕ್ಸಲರೇಟರ್ ಮಾತ್ರ ಬಿಟ್ಟೆ. 30ಕ್ಕೆ ಇಳಿಯುವ ಹೊತ್ತಿಗೆ ಓಲಾಟ ನಿಂತಿತು. ಗಾಡಿಯನ್ನು ರಸ್ತೆ ಬದಿಗೆ ಹಚ್ಚಿ ಕೆಳಗಿಳಿದಾಗ ನನ್ನ ಕಾಲು ನಡುಗುತ್ತಿದ್ದವು.

ತಪ್ಪು ನಮ್ಮದೇ. ತಾಮ್ರದ ಕೇಬಲ್ ಸುತ್ತಿದ ಎರಡು ಡ್ರಮ್ಮುಗಳನ್ನು ಟ್ರೇಲರಿನ ಹಿಂತುದಿಗೆ ಕಟ್ಟಿದ್ದೆವು. ಚಕ್ಕಡಿ ಹೂಡುವ ರೈತನಿಗೆ ಈ ವಿಷಯವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಹೇರು ಹಿಂಭಾರವಾದರೆ ನೊಗ ಮೇಲಕ್ಕೆದ್ದು ಜತ್ತಿಗೆ ಎತ್ತಿನ ಕೊರಳಿಗೆ ಬಿಗಿಯುತ್ತದೆ, ಮುಂಭಾರವಾದರೆ ಹೆಗಲು ಹುಣ್ಣಾಗುತ್ತದೆ. ಆದ್ದರಿಂದ ಅವನು ಮೂಕಿಯನ್ನು ಕೈಯಲ್ಲಿ ಎತ್ತಿ ನೋಡಿಯೇ ಹೇರನ್ನು ಹಿಂದೆ ಮುಂದೆ ಸರಿಸುತ್ತಾನೆ. ಪಿಕಪ್ಪಿಗೂ ಇದೇ ಲೆಕ್ಕ. ಟ್ರೇಲರಿನ ಒಟ್ಟು ತೂಕದ ಶೇ 10ರಿಂದ 15ರಷ್ಟು ಭಾರ ಅದರ ಮೂತಿಯ ಮೂಲಕ ಪಿಕಪ್ಪಿನ ಹಿಚ್ಚಿನ ಮೇಲೆ, ಅಂದರೆ ಟ್ರೇಲರ್ ಸಿಕ್ಕಿಸುವ ಹಿಂದಿನ ಕೊಂಡಿಯ ಮೇಲೆ, ಕೂರಬೇಕು. ಕಡಿಮೆಯಾದರೆ ಟ್ರೇಲರ್ ಬಾಲ ಬೀಸುತ್ತದೆ, ಹೆಚ್ಚಾದರೆ ಪಿಕಪ್ಪಿನ ಮುಂಗಾಲಿ ಹಗುರಾಗಿ ತಿರುವಿನಲ್ಲಿ ಮಾತು ಕೇಳುವುದಿಲ್ಲ.

ಮರುದಿನ ಟ್ರೇಲರನ್ನು ತೂಕದ ಕಟ್ಟೆಗೆ ಒಯ್ದೆ. ಡೀಸೆಲ್, ಕೇಬಲ್ ಎಲ್ಲ ಸೇರಿ 1,460 ಕಿಲೋ ಇತ್ತು. ಬಳಿಕ ಪರಿಚಯದ ಅಡತಿ ಅಂಗಡಿಯಲ್ಲಿ ಚೀಲ ತೂಗುವ ಕಾಟಾದ ಮೇಲೆ ಮರದ ದಿಮ್ಮಿ ಇಟ್ಟು, ಹಿಚ್ಚಿನ ಎತ್ತರಕ್ಕೆ ಸರಿಯಾಗಿ ಟ್ರೇಲರಿನ ಮೂತಿಯನ್ನು ಅದರ ಮೇಲೆ ಕೂರಿಸಿದೆವು. ಮುಳ್ಳು 45 ಕಿಲೋ ತೋರಿಸಿತು. ಎರಡೂ ಡ್ರಮ್ಮುಗಳನ್ನು ಅಚ್ಚಿನ ಮುಂದಕ್ಕೆ ತಂದು ಕಟ್ಟಿದ ಮೇಲೆ 165ಕ್ಕೆ ಏರಿತು. ಆ ದಿನದಿಂದ ಇಂದಿನವರೆಗೆ ಟ್ರೇಲರ್ ಒಮ್ಮೆಯೂ ಓಲಾಡಿಲ್ಲ. ಈ ಕಾಟಾದ ಪರೀಕ್ಷೆಗೆ ಅರ್ಧ ಗಂಟೆ ಸಾಕು, ಖರ್ಚು ಇಲ್ಲವೆನ್ನುವಷ್ಟು ಕಡಿಮೆ; ಟ್ರೇಲರ್ ಎಳೆಯುವ ಪ್ರತಿಯೊಬ್ಬರೂ ಇದನ್ನು ಮಾಡಬೇಕೆಂದು ನಾನು ಕಂಡವರಿಗೆಲ್ಲ ಹೇಳುತ್ತಿದ್ದೇನೆ.

ಎರಡನೆಯ ಸಂಗತಿ ಬ್ರೇಕು. ನಮ್ಮ ಕಡೆ ಪಿಕಪ್ ಕೊಳ್ಳುವವರು ಎಂಜಿನ್ನಿನ ಬಲವನ್ನು ಕೇಳುತ್ತಾರೆ, ಗಾಡಿ ಎಷ್ಟು ಎಳೆಯುತ್ತದೆ ಎಂದು ಕೇಳುತ್ತಾರೆ, ಎಳೆದದ್ದನ್ನು ನಿಲ್ಲಿಸುವುದು ಯಾವುದು ಎಂದು ಕೇಳುವವರು ಅಪರೂಪ. ಟೊಯೊಟಾ ಹೈಲಕ್ಸ್ ಮತ್ತು ಇಸುಜು ಡಿ-ಮ್ಯಾಕ್ಸ್ ಎರಡಕ್ಕೂ ಬ್ರಿಟನ್ನಿನಲ್ಲಿ ಎಳೆಯುವ ಮಿತಿ 3,500 ಕಿಲೋ ಎಂದಿದೆ. ಆದರೆ ಆ ಅಂಕಿ ತನ್ನದೇ ಬ್ರೇಕ್ ಇರುವ ಟ್ರೇಲರಿಗೆ ಮಾತ್ರ ಅನ್ವಯ. ಬ್ರೇಕ್ ಇಲ್ಲದ ಟ್ರೇಲರಿಗೆ ಅದೇ ವಾಹನಗಳ ಮಿತಿ 750 ಕಿಲೋ. ನಮ್ಮ ಜನರೇಟರ್ ಅದರ ಸುಮಾರು ಎರಡು ಪಟ್ಟು ಇತ್ತು, ಅದಕ್ಕೆ ಬ್ರೇಕ್ ಇರಲಿಲ್ಲ, ಮತ್ತು ಮೂರು ವರ್ಷ ಹಾಗೆಯೇ ಓಡಿಸಿದ್ದೆವು. ವೇಗ 60ರಿಂದ 80ಕ್ಕೆ ಏರಿದರೆ ನಿಲ್ಲಿಸಬೇಕಾದ ಶಕ್ತಿ ಮುಕ್ಕಾಲು ಪಾಲಿಗಿಂತ ಹೆಚ್ಚು ಬೆಳೆಯುತ್ತದೆ. ಅಂಥ ವೇಗದಲ್ಲಿ, ಹಿಂದೀಪವಿಲ್ಲದೆ ಕತ್ತಲಲ್ಲಿ ಸಾಗುವ ಎರಡು ಟ್ರಾಲಿ ಕಬ್ಬು ಎದುರಾದರೆ ಏನಾಗುತ್ತದೆ ಎಂಬುದನ್ನು ಈ ಭಾಗದ ರಸ್ತೆಗಳಲ್ಲಿ ಓಡಾಡುವವರು ಬಲ್ಲರು. ಹೊಸ ವಾಹನ ಹುಡುಕುವ ಮೊದಲೇ ನಾನು ಟ್ರೇಲರಿಗೆ ಓವರ್‌ರನ್ ಬ್ರೇಕ್ ಹಾಕಿಸಿದೆ. ಮುಂದಿನ ವಾಹನ ನಿಧಾನವಾದಾಗ ಟ್ರೇಲರ್ ಮುಂದಕ್ಕೆ ನೂಕುವ ಬಲದಿಂದಲೇ ಅದರ ಚಕ್ರಗಳ ಬ್ರೇಕ್ ಹಿಡಿಯುವ ವ್ಯವಸ್ಥೆ ಇದು. ಬೇರೆ ವೈರಿಂಗ್ ಬೇಕಾಗುವುದಿಲ್ಲ. ಟ್ರೇಲರಿಗೆ ಪ್ರತ್ಯೇಕ ನೋಂದಣಿ, ಹಿಂದೀಪ, ರಿಫ್ಲೆಕ್ಟರ್ ಮತ್ತು ವಿಮೆಯನ್ನೂ ಆಗಲೇ ಸರಿಪಡಿಸಿಕೊಂಡೆವು.

ಇನ್ನು ನೋಡಿದ ವಾಹನಗಳು. ಅಮೆರಿಕದ ವಿಡಿಯೊಗಳಲ್ಲಿ ಕಾಣುವ ಫೋರ್ಡ್ ಎಫ್-250, ರ‍್ಯಾಮ್ 2500ರಂಥ ಹೆವಿ ಡ್ಯೂಟಿ ಪಿಕಪ್ಪುಗಳು ನಮ್ಮ ಷೋರೂಮುಗಳಲ್ಲಿಲ್ಲ, ಅವುಗಳ ಅಳತೆಯನ್ನು ಇಲ್ಲಿಗೆ ತಂದು ಹೋಲಿಸುವುದರಿಂದ ಪ್ರಯೋಜನವಿಲ್ಲ.

ಮಹೀಂದ್ರ ಬೊಲೆರೊ ಮ್ಯಾಕ್ಸ್ ಪಿಕಪ್ಪಿನ ಎಚ್‌ಡಿ ಸರಣಿಯ ದೊಡ್ಡ ಮಾದರಿ 2 ಟನ್ ಹೊರುತ್ತದೆ. ಎರಡೂವರೆ ಲೀಟರಿನ ಎಂಜಿನ್ ಸುಮಾರು 80 ಅಶ್ವಶಕ್ತಿ, 220 ನ್ಯೂಟನ್ ಮೀಟರ್ ಟಾರ್ಕ್ (ತಿರುಗಿಸುವ ಬಲ) ಕೊಡುತ್ತದೆ, ಸಾಮಾನು ಹೇರುವ ಹಿಂಭಾಗ, ಅಂದರೆ ಡಾಲಾ, 10 ಅಡಿ ಉದ್ದವಿದೆ. ಟಾಟಾ ಯೋಧಾ 2.0 ಕೂಡ 2 ಟನ್ನಿನದೇ; 2022ರಲ್ಲಿ ಬಂದ ಈ ಗಾಡಿಯ 2.2 ಲೀಟರ್ ಎಂಜಿನ್ನಿಗೆ 100 ಅಶ್ವಶಕ್ತಿ, 250 ನ್ಯೂಟನ್ ಮೀಟರ್ ಬಲವಿದೆ. ಹೊರುವ ಕೆಲಸಕ್ಕೆ ಇವೆರಡಕ್ಕೆ ಸಾಟಿಯಿಲ್ಲ. ಶಾಮಿಯಾನದ ಕಂಬ, ಜಮಖಾನೆ, ಕುರ್ಚಿಗಳನ್ನು ಸಾಗಿಸುವುದೇ ನಿಮ್ಮ ಕೆಲಸವಾದರೆ ಮುಂದಿನ ಎರಡು ವಾಹನಗಳ ಕಡೆ ನೋಡುವ ಅಗತ್ಯವೇ ಇಲ್ಲ. ಬಿಡಿಭಾಗ ತಾಲೂಕು ಊರುಗಳಲ್ಲೂ ಸಿಗುತ್ತದೆ, ರಿಪೇರಿ ಬಲ್ಲ ಮೇಸ್ತ್ರಿಗಳು ಎಲ್ಲೆಡೆ ಇದ್ದಾರೆ. ಹಳದಿ ಬೋರ್ಡಿನ ಗಾಡಿಗೆ ಬೇರೆ ಲೈಸೆನ್ಸ್ ಬೇಕೆಂಬ ಹೆದರಿಕೆಯೂ ಈಗ ಬೇಡ: 7,500 ಕಿಲೋ ಒಟ್ಟು ತೂಕದೊಳಗಿನ ಸಾರಿಗೆ ವಾಹನವನ್ನು ಎಲ್‌ಎಂವಿ (ಹಗುರ ಮೋಟಾರು ವಾಹನ) ಲೈಸೆನ್ಸಿನಲ್ಲೇ ಓಡಿಸಬಹುದೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರಿನಲ್ಲಿ ತೀರ್ಪು ಕೊಟ್ಟಿದೆ. ನನಗೆ ಇವು ಒಗ್ಗದಿರಲು ಕಾರಣ ಬೇರೆ. 2 ಟನ್ ಹೊರಲೆಂದು ಕಟ್ಟಿದ ಪಟ್ಟಿ ಸ್ಪ್ರಿಂಗುಗಳು ಡಾಲಾ ಖಾಲಿ ಇದ್ದಾಗ ಬಾಗುವುದೇ ಇಲ್ಲ, ಮತ್ತು ನಮ್ಮ ಭಾರವೆಲ್ಲ ಟ್ರೇಲರಿನ ಮೇಲಿರುವುದರಿಂದ ಡಾಲಾ ಬಹುತೇಕ ಖಾಲಿಯೇ. ಒಂದೇ ಸಾಲಿನ ಕ್ಯಾಬಿನ್ನಿನಲ್ಲಿ ತಾಯಿಯನ್ನು ಬೆಳಗಾವಿಯವರೆಗೆ ಕರೆದೊಯ್ಯುವುದೂ ಆಗದ ಮಾತು.

ಹೈಲಕ್ಸ್ ಬಗ್ಗೆ ನನಗೆ ಮನಸ್ಸು ತುಂಬ ಇತ್ತು. ನಮ್ಮದೇ ರಾಜ್ಯದ ಬಿಡದಿಯಲ್ಲಿ ಜೋಡಣೆಯಾಗುವ ವಾಹನ. 2.8 ಲೀಟರ್ ಡೀಸೆಲ್ ಎಂಜಿನ್, 204 ಅಶ್ವಶಕ್ತಿ, ಆಟೊಮ್ಯಾಟಿಕ್ ಗೇರಿನಲ್ಲಿ 500 ನ್ಯೂಟನ್ ಮೀಟರ್, ಮ್ಯಾನ್ಯುವಲ್ಲಿನಲ್ಲಿ 420. ಆಟೊಮ್ಯಾಟಿಕ್ಕಿನ ಆ ಪೂರ್ಣ ಬಲ ಎಂಜಿನ್ ನಿಮಿಷಕ್ಕೆ 1,600 ಸುತ್ತು ತಿರುಗುವಾಗಲೇ ಬರುವುದರಿಂದ ಏರಿನಲ್ಲಿ ನಿಂತು ಹೊರಡುವಾಗ ಎಂಜಿನ್ ಅರಚಬೇಕಾಗಿಲ್ಲ. ನಾಲ್ಕೂ ಚಕ್ರಕ್ಕೆ ಬಲ ಎಲ್ಲ ಮಾದರಿಗಳಲ್ಲೂ ಇದೆ, ಹಿಂದಿನ ಎರಡೂ ಚಕ್ರ ಒಟ್ಟಿಗೇ ತಿರುಗುವಂತೆ ಮಾಡುವ ಡಿಫರೆನ್ಶಿಯಲ್ ಲಾಕ್ ಇದೆ, 700 ಮಿಲಿಮೀಟರ್ ಆಳದ ನೀರಿನಲ್ಲಿ ಇಳಿಯಬಹುದೆಂದು ಕಂಪನಿ ಹೇಳುತ್ತದೆ. ಓಡಿಸಿ ನೋಡಿದ ಅರ್ಧ ಗಂಟೆಯಲ್ಲಿ ಅದರ ಗಟ್ಟಿತನ ಮನಸ್ಸಿಗೆ ಬಂತು. ಆದರೆ 2022ರ ಮಾರ್ಚಿನಲ್ಲಿ 33.99 ಲಕ್ಷ ರೂಪಾಯಿಯಿಂದ ಬೆಲೆ ಶುರುವಾದ ವಾಹನವಿದು. ಬಾಡಿಗೆ ವ್ಯವಹಾರದ ಆದಾಯದಿಂದ ಆ ಸಾಲದ ಕಂತು ಹೊರಡುವುದಿಲ್ಲ. ಹಣವಿದ್ದವರು, ಭಾರಿ ಟ್ರೇಲರ್ ದಿನವೂ ಎಳೆಯುವವರು ಎರಡು ಮಾತಿಲ್ಲದೆ ಇದನ್ನೇ ಕೊಳ್ಳಬಹುದು.

ನಾನು ಕೊಂಡದ್ದು ಇಸುಜು ಡಿ-ಮ್ಯಾಕ್ಸ್ ವಿ-ಕ್ರಾಸ್, ನಾಲ್ಕು ಚಕ್ರ ಚಾಲನೆಯ ಆಟೊಮ್ಯಾಟಿಕ್. ಆಂಧ್ರದ ಶ್ರೀಸಿಟಿಯಲ್ಲಿ ತಯಾರಾಗುವ ಈ ವಾಹನದ 1.9 ಲೀಟರ್ ಎಂಜಿನ್ ಹೈಲಕ್ಸಿಗಿಂತ ಚಿಕ್ಕದು. 163 ಅಶ್ವಶಕ್ತಿ, 360 ನ್ಯೂಟನ್ ಮೀಟರ್. ಚಿಕ್ಕ ಎಂಜಿನ್ ಒಂದೂವರೆ ಟನ್ ಎಳೆದೀತೇ ಎಂಬ ಅನುಮಾನ ನನಗೂ ಇತ್ತು. ಜಮಖಂಡಿಯ ಪರಿಚಿತರೊಬ್ಬರು ತಮ್ಮ ವಿ-ಕ್ರಾಸ್ ತಂದು, ನಮ್ಮ ಟ್ರೇಲರನ್ನೇ ಕಟ್ಟಿ ಬೀಳಗಿಯವರೆಗೆ ಓಡಿಸಲು ಕೊಟ್ಟರು. ಅನುಮಾನ ಅಲ್ಲಿಗೆ ತೀರಿತು. ಷೋರೂಮಿನಲ್ಲಿ ಮಾತ್ರ ಒಂದು ಬೇಸರ ಉಳಿಯಿತು. ನಾನು ಹೋದ ಒಂದೆರಡು ಕಡೆ ಎಳೆಯುವ ಮಿತಿಯನ್ನು ಬರೆದು ಕೊಡಿ ಎಂದು ಕೇಳಿದರೆ ಯಾರೂ ಕೊಡಲಿಲ್ಲ. ಡಾಲಾದ ಮುಚ್ಚಳ ಮತ್ತು ಅಲಂಕಾರದ ಪಟ್ಟಿಗಳ ಬೆಲೆಯನ್ನು ಮಾತ್ರ ಕೇಳದಿದ್ದರೂ ಹೇಳಿದರು. ಕೆಲಸಕ್ಕೆಂದು ಪಿಕಪ್ ಕೊಳ್ಳುವವನಿಗೆ ಬೇಕಾದ ಮೊದಲ ಅಂಕಿ ಅದು, ಅದನ್ನು ಮಾರುವವರು ತಿಳಿದಿರಲೇಬೇಕು.

ಈಗ ಎರಡು ಜಾತ್ರೆಯ ಹಂಗಾಮು ಕಳೆದಿವೆ. ಆಟೊಮ್ಯಾಟಿಕ್ ಗೇರ್ ಐಷಾರಾಮಕ್ಕೆಂದು ತಿಳಿದಿದ್ದೆ, ಅದು ನನ್ನ ತಪ್ಪು ತಿಳಿವಳಿಕೆ. ಜಾತ್ರೆಯ ಬಯಲಿನಲ್ಲಿ ಹಗ್ಗ, ಗೂಟ, ಜನರ ನಡುವೆ ಟ್ರೇಲರನ್ನು ಹಿಮ್ಮುಖವಾಗಿ ಗೇಣುಗೇಣಾಗಿ ಸರಿಸುವಾಗ ಹಳೆಯ ಪಿಕಪ್ಪಿನ ಕ್ಲಚ್ ಪ್ಲೇಟ್ ಸುಟ್ಟ ವಾಸನೆ ಬರುತ್ತಿತ್ತು. ಈಗ ಬ್ರೇಕಿನ ಮೇಲೆ ಪಾದವಿಟ್ಟು ಅದನ್ನೇ ನಿರಾತಂಕವಾಗಿ ಮಾಡುತ್ತೇನೆ. ಬಾದಾಮಿ ದಾರಿಯಲ್ಲಿ ಎಸಿ ಹಾಕಿಕೊಂಡೇ ಏರು ಹತ್ತುತ್ತದೆ. ಅಕಾಲದ ಮಳೆಗೆ ಎರಿ ನೆಲ ಹಸಿಯಾಗಿ ಚಕ್ರಕ್ಕೆಲ್ಲ ಮಣ್ಣು ಮೆತ್ತಿದ್ದ ಒಂದು ಮದುವೆಯ ಹೊಲದಿಂದ, ಫೋರ್ ಲೋ (ನಾಲ್ಕೂ ಚಕ್ರಕ್ಕೆ ನಿಧಾನವಾಗಿ ಹೆಚ್ಚು ಬಲ ಕೊಡುವ ಗೇರು) ಹಾಕಿ ಟ್ರೇಲರ್ ಸಮೇತ ಹೊರಬಂದೆ. ಅಂಥ ನೆಲದಲ್ಲಿ ಎರಡೇ ಚಕ್ರದ ಬಲವಿರುವ ಗಾಡಿ ನಿಂತಲ್ಲೇ ಹೂಳುತ್ತದೆ.

ಹೆಚ್ಚು ತೃಪ್ತಿ ಕೊಟ್ಟದ್ದು ವಿಜಯಪುರದ ದಾರಿಯಲ್ಲಿ ಕೃಷ್ಣೆ ದಾಟುವ ಕೊರ್ತಿ–ಕೊಲ್ಹಾರ ಸೇತುವೆ. ಆಲಮಟ್ಟಿಯ ಹಿನ್ನೀರು ತುಂಬಿದಾಗ ಆ ಉದ್ದ ಸೇತುವೆಯ ಮೇಲೆ ಅಡ್ಡಗಾಳಿ ಜೋರಾಗಿ ಬೀಸುತ್ತದೆ, ಜನರೇಟರಿನ ಎತ್ತರದ ಡಬ್ಬಿ ಆ ಗಾಳಿಗೆ ಹಾಯಿಯಂತೆ ಒಡ್ಡಿಕೊಳ್ಳುತ್ತದೆ. ಹಳೆಯ ಗಾಡಿಯಲ್ಲಿ ಸೇತುವೆ ದಾಟುವಷ್ಟರಲ್ಲಿ ಭುಜ ಬಿಗಿದುಹೋಗುತ್ತಿದ್ದವು. ವಿ-ಕ್ರಾಸಿನ ಎರಡು ಅಚ್ಚುಗಳ ನಡುವಿನ ಅಂತರ 3,095 ಮಿಲಿಮೀಟರ್. ಉದ್ದವಾದ, ತೂಕವಾದ ವಾಹನವನ್ನು ಹಿಂದಿನ ಟ್ರೇಲರ್ ಅಷ್ಟು ಸುಲಭವಾಗಿ ಅಲುಗಿಸಲಾರದು. ವಿಜಯಪುರ ಮುಟ್ಟಿ ಇಳಿದಾಗ ಬೆನ್ನು ನೋಯುವುದಿಲ್ಲ. ರಾತ್ರಿ ಎರಡಕ್ಕೆ ಆಟ ಮುಗಿಸಿ ಮರಳುವ ಚಾಲಕನಿಗೆ ಬೆನ್ನು ನೋಯದಿರುವುದು ಬ್ರೇಕಿನಷ್ಟೇ ಮುಖ್ಯವೆಂದು ನಾನು ನಂಬಿದ್ದೇನೆ. ದಣಿದವನ ಪಾದ ಬ್ರೇಕಿಗೆ ಹೋಗುವುದೇ ತಡವಾಗಿ.

ಕೊಳ್ಳುವವರು ತಿಳಿದಿರಬೇಕಾದ ಮಿತಿಗಳೂ ಇವೆ. ಇಂಥ ಎರಡು ಸಾಲು ಸೀಟಿನ ಡಬಲ್ ಕ್ಯಾಬ್ ವಾಹನಗಳಲ್ಲಿ ಹೊರುವ ಅವಕಾಶ ಜನ ಊಹಿಸುವುದಕ್ಕಿಂತ ಬಹಳ ಕಡಿಮೆ. ಹಿಚ್ಚಿನ ಮೇಲೆ ಕೂರುವ ನಮ್ಮ 165 ಕಿಲೋ, ಕುಳಿತ ಜನರ ತೂಕ, ಡಾಲಾದ ಸಾಮಾನು ಎಲ್ಲವನ್ನೂ ಕೂಡಿಸಿ ತಯಾರಕರು ಹೇಳಿದ ಒಟ್ಟು ತೂಕದೊಳಗೆ ಇರಿಸಬೇಕು. ಆದ್ದರಿಂದ ಟ್ರೇಲರ್ ಇದ್ದ ದಿನ ಡಾಲಾದಲ್ಲಿ ಹಗ್ಗ ಮತ್ತು ಉಪಕರಣದ ಪೆಟ್ಟಿಗೆ ಬಿಟ್ಟರೆ ನಾನು ಏನನ್ನೂ ಹೇರುವುದಿಲ್ಲ. ಖಾಲಿ ಓಡಿಸುವಾಗ ಹಿಂದಿನ ಪಟ್ಟಿ ಸ್ಪ್ರಿಂಗ್ ರೋಡ್ ಹಂಪುಗಳಲ್ಲಿ ಗೊತ್ತಾಗುತ್ತದೆ, ಕಾರಿನಂಥ ಮೃದುತನ ಇಲ್ಲಿಲ್ಲ. ಐದು ಮೀಟರಿಗಿಂತ ಉದ್ದದ ಗಾಡಿ ಹಳೆಯ ಬಾಗಲಕೋಟೆಯ ಓಣಿಗಳಿಗೆ ತಕ್ಕದ್ದಲ್ಲ. ಸರ್ವಿಸ್ಸಿಗೆ ದೊಡ್ಡ ಊರಿಗೆ ಹೋಗಬೇಕಾದ್ದರಿಂದ ನಾನು ಅದನ್ನು ತಾಯಿಯ ಆಸ್ಪತ್ರೆಯ ದಿನಕ್ಕೇ ಹೊಂದಿಸಿಕೊಳ್ಳುತ್ತೇನೆ.

ಹಿಚ್ಚಿನ ವಿಷಯದಲ್ಲಿ ಉಳಿತಾಯ ಮಾಡಬೇಡಿ. ಮೊದಲು ಒಂದು ವೆಲ್ಡಿಂಗ್ ಅಂಗಡಿಯಲ್ಲಿ ಬಂಪರಿನ ಕೆಳಗಿನ ಅಡ್ಡಪಟ್ಟಿಗೆ ಬೆಸೆಸಿದ್ದ ಕೊಕ್ಕೆ ಆರನೆಯ ತಿಂಗಳಿಗೆ ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು. ತೊಳೆಯುವಾಗ ತುಕ್ಕಿನ ಗೆರೆ ಕಂಡದ್ದರಿಂದ ಬದುಕಿದೆವು. ಈಗಿರುವುದು ಚಾಸಿಯ ಎರಡೂ ಉದ್ದ ಕಂಬಗಳಿಗೆ ಬೋಲ್ಟ್ ಹಾಕಿ ಕೂರಿಸಿದ ಹಿಚ್, ಜೊತೆಗೆ ಅಡ್ಡಡ್ಡ ಕಟ್ಟಿದ ಎರಡು ಸರಪಳಿ. ಹೊರಡುವ ಮೊದಲು ಪಿನ್ನು, ಸರಪಳಿ, ಹಿಂದೀಪ ಮೂರನ್ನೂ ಕೈಯಿಂದ ಮುಟ್ಟಿ ನೋಡುತ್ತೇನೆ.

ತಾಯಿಗೆ ಹಿಂದಿನ ಸೀಟು ಹಿಡಿಸಿದೆ. ಬೆನ್ನಿನ ಭಾಗ ತುಸು ನೆಟ್ಟಗಿದೆ ಎಂದು ಒಂದು ದಿಂಬು ಇಟ್ಟುಕೊಳ್ಳುತ್ತಾಳೆ. ಹತ್ತುವುದು ಮಾತ್ರ ಎತ್ತರವಾಗುತ್ತಿತ್ತು. ಅದಕ್ಕೆಂದು ಬಡಿಗನಿಂದ ಮಾಡಿಸಿದ ಒಂಬತ್ತು ಇಂಚಿನ ಸಾಗವಾನಿಯ ಮಣೆ ಈಗ ಡಾಲಾದ ಮೂಲೆಯಲ್ಲಿ, ಸರಪಳಿಯ ಪಕ್ಕದಲ್ಲಿ, ಯಾವಾಗಲೂ ಇರುತ್ತದೆ.