ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಮೂರು ದಾರಿ

ನನ್ನ ತಮ್ಮ ಸ್ಯಾನ್ ಫ್ರಾನ್ಸಿಸ್ಕೊ ಬಳಿಯ ಸನಿವೇಲ್‌ನಲ್ಲಿ ನೆಲೆಸಿದ ಮೇಲೆ ಅಲ್ಲಿಗೆ ಮೂರು ಸಲ ಹೋಗಿದ್ದೇನೆ, ಮೂರು ದಾರಿಗಳಲ್ಲಿ. ಮೊದಲೆಲ್ಲ ಟಿಕೆಟಿನ ಬೆಲೆಯನ್ನೂ ಒಟ್ಟು ಗಂಟೆಗಳನ್ನೂ ನೋಡುತ್ತಿದ್ದೆ. ಈಗ ಮೊದಲು ನೋಡುವುದು, ನಡುವೆ ಇಳಿಯುವ ಊರು ದಾರಿಯ ಯಾವ ಭಾಗದಲ್ಲಿದೆ ಎಂಬುದನ್ನು.

ಮೊದಲ ಸಲ ಒಬ್ಬನೇ ತಡೆರಹಿತ ವಿಮಾನದಲ್ಲಿ ಹೋದೆ. ನೇರ ದೂರ ಸುಮಾರು 14,000 ಕಿ.ಮೀ. ಗೋಳದ ಮೇಲೆ ದಾರ ಬಿಗಿದು ನೋಡಿದರೆ ಅದು ಆರ್ಕ್ಟಿಕ್ ವೃತ್ತವನ್ನೂ ದಾಟಿ ಸೈಬೀರಿಯದ ಮೇಲೆ ಹಾಯುತ್ತದೆ. 2021ರ ಜನವರಿಯಲ್ಲಿ ಏರ್ ಇಂಡಿಯಾ ಈ ಸೇವೆ ಆರಂಭಿಸಿದಾಗ, ಮಹಿಳಾ ಪೈಲಟ್‌ಗಳೇ ನಡೆಸಿದ ಮೊದಲ ವಿಮಾನ ಸ್ಯಾನ್ ಫ್ರಾನ್ಸಿಸ್ಕೊದಿಂದ ಉತ್ತರ ಧ್ರುವದ ಮೇಲೆ ಹಾರಿ ಬಂದಿತ್ತು. ಅದನ್ನು ಓದಿದ್ದ ನಾನು ಹಿಮ ಕಾಣುವ ಆಸೆಯಿಂದ ಕಿಟಕಿಯ ಸೀಟು ಹಿಡಿದೆ. ನಮ್ಮ ವಿಮಾನವೋ ಪೂರ್ವಕ್ಕೆ ಹೊರಳಿ ಪೆಸಿಫಿಕ್ ಸಾಗರದ ಮೇಲೆ ಹೋಯಿತು. ಬಹಳ ಎತ್ತರದಲ್ಲಿ ಪಶ್ಚಿಮದಿಂದ ಜೋರಾಗಿ ಬೀಸುವ ಜೆಟ್ ಗಾಳಿ ಬೆನ್ನಿಗಿದ್ದರೆ ದೂರ ಹೆಚ್ಚಾದರೂ ಹೊತ್ತು ಉಳಿಯುತ್ತದಂತೆ. ಕಂಡದ್ದು ಬರೀ ಮೋಡ. ಮಧ್ಯಾಹ್ನ ಎರಡಕ್ಕೆ ಹೊರಟು, ಹದಿನೇಳು ಗಂಟೆ ಕುಳಿತು, ಅದೇ ತಾರೀಖಿನ ಸಂಜೆ ಐದೂವರೆಗೆ ಇಳಿದೆ; ಚಳಿಗಾಲದಲ್ಲಿ ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಹದಿಮೂರೂವರೆ ಗಂಟೆ ಹಿಂದೆ. ಹಿಂದಿನ ರಾತ್ರಿ ಮನೆಯಲ್ಲೇ ಮಲಗಿದ್ದೆ ಎಂಬುದು ಈ ದಾರಿಯ ದೊಡ್ಡ ಲಾಭ.

ಎರಡನೆಯ ಸಲ ಅಮ್ಮ ಜೊತೆಗಿದ್ದರು. ನಡುವೆ ಇಳಿದರೆ ಅವರಿಗೆ ಸುಖವೆಂದು ದುಬೈ ಮೂಲಕ ಟಿಕೆಟ್ ಮಾಡಿಸಿದೆ. ಇಲ್ಲೇ ಎಡವಿದ್ದು. ಬೆಂಗಳೂರಿನಿಂದ ದುಬೈಗೆ 2,700 ಕಿ.ಮೀ., ನಾಲ್ಕು ಗಂಟೆ. ಅಲ್ಲಿಂದ ಮುಂದೆ 13,000 ಕಿ.ಮೀ., ಹೆಚ್ಚುಕಡಿಮೆ ಹದಿನಾರು ಗಂಟೆ! ತಡೆರಹಿತ ಪ್ರಯಾಣದಷ್ಟೇ ಕೂರುವುದು, ಅದಕ್ಕೂ ಮೊದಲು ಬೆಳಗಿನ ಜಾವದ ವಿಮಾನಕ್ಕಾಗಿ ನಿದ್ದೆಗೆಟ್ಟ ಒಂದು ರಾತ್ರಿ ಬೇರೆ. ಇಳಿಯುವ ಹೊತ್ತಿಗೆ ಅಮ್ಮನ ಪಾದಗಳು ಊದಿಕೊಂಡು ಚಪ್ಪಲಿ ಏರಲಿಲ್ಲ. ದುಬೈ ನಿಲ್ದಾಣ ಚೆನ್ನಾಗಿದೆ, ಅಷ್ಟೇ.

ಮೂರನೆಯ ಸಲ ಫ್ರಾಂಕ್‌ಫರ್ಟ್ ದಾರಿ. ಒಟ್ಟು ದೂರ 16,500 ಕಿ.ಮೀ., ಮೂರರಲ್ಲಿ ಅತಿ ಉದ್ದ. ಆದರೆ 7,400 ಒಂದು ತುಂಡು, 9,100 ಇನ್ನೊಂದು: ಹತ್ತು ಗಂಟೆ, ಹನ್ನೊಂದೂವರೆ ಗಂಟೆ. ಇಲ್ಲಿಯೂ ಬೆಳಗಿನ ಜಾವದ ವಿಮಾನವೇ, ದೇವನಹಳ್ಳಿಗೆ ಹಿಂದಿನ ರಾತ್ರಿಯೇ ಹೊರಡಬೇಕು. ನಡುವೆ ನಾಲ್ಕು ಗಂಟೆ ಬಿಡುವಿತ್ತು. ಅಮ್ಮ ಗಾಲಿಕುರ್ಚಿ ಬೇಡವೆಂದು ನಿಲ್ದಾಣದ ಉದ್ದಕ್ಕೂ ನಡೆದರು, ಬೆಂಚಿನ ಮೇಲೆ ಕಾಲು ಚಾಚಿ ಚಪಾತಿ, ಚಟ್ನಿಪುಡಿ ತಿಂದರು. ಆ ಸಲ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಚಪ್ಪಲಿ ಸರಿಯಾಗಿಯೇ ಏರಿತು. ತಮ್ಮನ ಕಾರು ಹತ್ತಿದವರೇ, "ಹಿಂದಿರುಗುವುದೂ ಇದೇ ದಾರಿ ತಾನೇ?" ಎಂದು ಕೇಳಿದರು.