ಗಾಂಧಿ ಚೌಕದ ಹತ್ತಿರದ ಹರಳಿನ ಅಂಗಡಿ: ಗ್ರಹದ ಉಂಗುರ ಕೊಳ್ಳುವವರಿಗೆ

ವಿಜಯಪುರದ ಗಾಂಧಿ ಚೌಕದಿಂದ ಕೊಂಚ ಒಳಗೆ, ರಾಶಿ ಹರಳು, ರುದ್ರಾಕ್ಷಿ ಮತ್ತು ಪಂಚಧಾತುವಿನ ಉಂಗುರಗಳನ್ನು ಮಾರುವ ಚಿಕ್ಕ ಅಂಗಡಿಯೊಂದಿದೆ. ಹರಳಿನಲ್ಲಿ ಗ್ರಹದ ಶಕ್ತಿ ನೆಲೆಸಿದೆಯೆಂದು ಯಾವ ಅಂಗಡಿಯವರೂ ಸಾಧಿಸಿ ತೋರಿಸಲಾರರು. ಆದರೆ ಗಿರಾಕಿಯ ಕೈಗಿಡುವ ಹರಳು ಯಾವ ಜಾತಿಯದು, ಎಷ್ಟು ತೂಕದ್ದು, ಅದಕ್ಕೆ ಏನೇನು ಸಂಸ್ಕಾರ ಮಾಡಲಾಗಿದೆ ಎಂಬುದನ್ನು ಅವರು ತೋರಿಸಬಲ್ಲರು, ತೋರಿಸಲೇಬೇಕು. ಇಷ್ಟನ್ನು ಕೇಳದೆಯೇ ಹೇಳಿ, ಪಾವತಿಯಲ್ಲಿ ಬರೆದೂ ಕೊಡುತ್ತಾರೆ ಎಂಬ ಒಂದೇ ಕಾರಣಕ್ಕೆ ಈ ಅಂಗಡಿಯನ್ನು ನಾನು ಧೈರ್ಯವಾಗಿ ಶಿಫಾರಸು ಮಾಡುತ್ತೇನೆ.

ನನ್ನ ಸೋದರತ್ತೆಯ ಮಗನಿಗೆ ಸಾಡೇಸಾತಿ ನಡೆದಿದೆ ಎಂದು ಹೇಳಿದ ಜ್ಯೋತಿಷಿಗಳು, ಶನಿಯ ಹರಳಾದ ನೀಲವನ್ನು 5 ರತ್ತಿ ತೂಕದಲ್ಲಿ ತಂದು ಬೆಳ್ಳಿಯಲ್ಲಿ ಕಟ್ಟಿಸಿ ಶನಿವಾರ ನಡುಬೆರಳಿಗೆ ಹಾಕಿಸಿರೆಂದು ಚೀಟಿ ಬರೆದುಕೊಟ್ಟಿದ್ದರು. ಅತ್ತೆಯೊಂದಿಗೆ ನಾನು ಹೋದಾಗ ಅಂಗಡಿಯ ಮಾಲೀಕರು ಆ ಚೀಟಿಯನ್ನು ಓದಿ ಹರಳು ತೋರಿಸುವುದಕ್ಕೂ ಮೊದಲೇ, "ಅವ್ವಾರ, ರತ್ತಿ ಅಂದ್ರ ಕಚ್ಚಾ ರತ್ತಿನೋ ಪಕ್ಕಾ ರತ್ತಿನೋ? ಮದಲ ಫೋನ್ ಹಚ್ಚಿ ಕೇಳ್ರಿ" ಎಂದರು. ರತ್ತಿಯೆಂದರೆ ಗುಲಗಂಜಿಯ ತೂಕ. ಪತ್ತಾರರ ಲೆಕ್ಕದ ಕಚ್ಚಾ ರತ್ತಿ ಸುಮಾರು 121 ಮಿಲಿಗ್ರಾಂ ಆದರೆ, ಹರಳಿನ ವ್ಯಾಪಾರದಲ್ಲಿ ಪಕ್ಕಾ ರತ್ತಿ ಎಂದು ಕರೆಯುವುದು ಸುಮಾರು 182 ಮಿಲಿಗ್ರಾಂ ಇರುತ್ತದೆ. ಹರಳು ತೂಗುವ ಕ್ಯಾರೆಟ್ ಮಾತ್ರ ಎಲ್ಲೆಡೆಯೂ 200 ಮಿಲಿಗ್ರಾಂ. ಹೀಗಾಗಿ 5 ರತ್ತಿಯೆಂಬ ಒಂದೇ ಮಾತು ಒಂದು ಅಂಗಡಿಯಲ್ಲಿ ಮೂರು ಕ್ಯಾರೆಟ್ಟಾಗಿ, ಇನ್ನೊಂದರಲ್ಲಿ ನಾಲ್ಕೂವರೆ ಕ್ಯಾರೆಟ್ಟಾಗಿ ನಿಲ್ಲುತ್ತದೆ. ಅತ್ತೆಗೆ ತೋರಿಸಿದ ನೀಲದ ದರ ಕ್ಯಾರೆಟ್ಟಿಗೆ 9,000 ರೂಪಾಯಿ ಇದ್ದುದರಿಂದ ಈ ಅಂತರದ ಬೆಲೆ ಹತ್ತಿರ ಹತ್ತಿರ 13,500 ರೂಪಾಯಿ. ಜ್ಯೋತಿಷಿಗಳು ಫೋನಿನಲ್ಲಿ ಕಚ್ಚಾ ರತ್ತಿಯೇ ಸಾಕೆಂದರು. ಸುಮ್ಮನಿದ್ದರೆ ಹೆಚ್ಚು ಹಣ ಬರುತ್ತಿದ್ದ ಕಡೆಯಲ್ಲಿ ಬಾಯಿ ಬಿಟ್ಟು ಕೇಳಿದ ಈ ವ್ಯಾಪಾರಿಯ ಮೇಲೆ ನನಗೆ ಗೌರವ ಹುಟ್ಟಿದ್ದು ಅಲ್ಲಿಯೇ.

ಹರಳಿನ ಪರೀಕ್ಷೆಯ ವಿಷಯವನ್ನು ಕೊಂಚ ವಿವರವಾಗಿ ಹೇಳಬೇಕು, ಏಕೆಂದರೆ ಜನ ಮೋಸ ಹೋಗುವುದು ಇಲ್ಲಿಯೇ. ನೀಲವೆಂಬುದು ಕುರುಂದ ಜಾತಿಯ ಖನಿಜ, ಅಂದರೆ ಅಲ್ಯುಮಿನಿಯಂ ಆಕ್ಸೈಡ್. ಅದರೊಳಗೆ ಸೇರಿದ ಅತ್ಯಲ್ಪ ಪ್ರಮಾಣದ ಕಬ್ಬಿಣ ಮತ್ತು ಟೈಟಾನಿಯಂ ಅದಕ್ಕೆ ನೀಲಿ ಬಣ್ಣವನ್ನು ಕೊಡುತ್ತವೆ, ಅದೇ ಖನಿಜದಲ್ಲಿ ಕ್ರೋಮಿಯಂ ಇದ್ದರೆ ಕೆಂಪಾಗಿ ಮಾಣಿಕ್ಯವೆನಿಸುತ್ತದೆ. ಶನಿಯ ಹರಳೂ ಸೂರ್ಯನ ಹರಳೂ ಒಂದೇ ಖನಿಜದ ಎರಡು ಬಣ್ಣಗಳೆಂಬುದು ಅತ್ತೆಗೆ ಬಹಳ ಸೋಜಿಗವೆನಿಸಿತು. ಗಡಸುತನದಲ್ಲಿ ಕುರುಂದಕ್ಕೆ 9ನೆಯ ಅಂಕ, ಅದಕ್ಕಿಂತ ಮೇಲಿರುವುದು 10 ಅಂಕದ ವಜ್ರ. ಆದರೆ ಗಾಜಿನ ಮೇಲೆ ಗೀರಿ ತೋರಿಸಿ "ಅಸಲಿ ನೀಲ" ಎನ್ನುವವರನ್ನು ನಂಬಬಾರದು, ಏಕೆಂದರೆ ಕುಲುಮೆಯಲ್ಲಿ ತಯಾರಿಸಿದ ಕುರುಂದವೂ ಅಷ್ಟೇ ಗಡಸಾಗಿರುತ್ತದೆ ಮತ್ತು ಗಾಜನ್ನು ಅಷ್ಟೇ ಚೆನ್ನಾಗಿ ಗೀರುತ್ತದೆ. ಉರಿಯಲ್ಲಿ ಪುಡಿಯನ್ನು ಕರಗಿಸಿ ಹರಳು ಬೆಳೆಸುವ ವಿಧಾನವನ್ನು ಫ್ರಾನ್ಸಿನ ವೆರ್ನ್ಯೂಯಿ 1902ರಲ್ಲಿ ಪ್ರಕಟಿಸಿದಂದಿನಿಂದ ಇಂಥ ಹರಳುಗಳು ಅಗ್ಗವಾಗಿ ಸಿಗುತ್ತಿವೆ. ಮಾಲೀಕರು ಎರಡು ನೀಲಿ ಹರಳುಗಳನ್ನು ಪಕ್ಕಪಕ್ಕದಲ್ಲಿಟ್ಟು ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿಯನ್ನು ನಮ್ಮ ಕೈಗೇ ಕೊಟ್ಟರು. ಒಂದರಲ್ಲಿ ಬಾಗಿದ ಬಣ್ಣದ ಗೆರೆಗಳೂ ಸಣ್ಣ ಗುಳ್ಳೆಗಳೂ ಕಂಡವು, ಅದು ಕುಲುಮೆಯದು. ಇನ್ನೊಂದರಲ್ಲಿ ಬಣ್ಣದ ಪಟ್ಟೆಗಳು ನೇರವಾಗಿ ಬಂದು ಕೋನದಲ್ಲಿ ತಿರುಗಿದ್ದವು, ಅದು ನೆಲದಲ್ಲಿ ಹುಟ್ಟಿದ್ದು. ಇದರ ಮೇಲೂ ಸಂಶಯವಿದ್ದವರು ಪ್ರಯೋಗಾಲಯದ ಪ್ರಮಾಣಪತ್ರ ತರಿಸಿಕೊಳ್ಳಬಹುದು, ಅದರ ವೆಚ್ಚ ಗಿರಾಕಿಯದೇ.

ಬಣ್ಣ ಏರಿಸಲು ಹರಳನ್ನು ಕಾಯಿಸುವ ರೂಢಿ ವ್ಯಾಪಾರದಲ್ಲಿ ಒಪ್ಪಿತವಾದದ್ದು, ಆದರೆ ಅದನ್ನು ಮುಚ್ಚಿಡುವುದು ಒಪ್ಪತಕ್ಕದ್ದಲ್ಲ. ನಮ್ಮ ಪಾವತಿಯಲ್ಲಿ "ನೈಸರ್ಗಿಕ, ಕಾಯಿಸಿದ್ದು" ಎಂದು ತೂಕದ ಮುಂದೆಯೇ ಬರೆದಿದೆ. ಬಿರುಕುಗಳಿಗೆ ಸೀಸದ ಗಾಜು ತುಂಬಿದ ಮಾಣಿಕ್ಯಗಳನ್ನು ಇವರು ಬೇರೆ ತಟ್ಟೆಯಲ್ಲಿಟ್ಟಿದ್ದಾರೆ. ಅಂಥ ಹರಳನ್ನು ಮುಂದೊಂದು ದಿನ ಪತ್ತಾರರು ಉಂಗುರ ಬೆಸೆಯಲು ಬೆಂಕಿಗೆ ಒಡ್ಡಿ ಆಮ್ಲದಲ್ಲಿ ತೊಳೆದರೆ ಗಾಜು ಕಿತ್ತು ಬಿರುಕುಗಳೆಲ್ಲ ಹೊರಬೀಳುತ್ತವೆ ಎಂಬ ಎಚ್ಚರಿಕೆಯನ್ನೂ ಕೊಡುತ್ತಾರೆ.

ಹರಳಿನ ಶಕ್ತಿ ಮೈಗೆ ತಾಗಬೇಕೆಂಬ ನಂಬಿಕೆಯಿಂದ ಗ್ರಹದ ಉಂಗುರಗಳ ತಳವನ್ನು ತೆರೆದಿಡುತ್ತಾರೆ. ಇದರಿಂದ ಕೊಳ್ಳುವವರಿಗೆ ದೊಡ್ಡ ಉಪಕಾರವಾಗುತ್ತದೆ, ಏಕೆಂದರೆ ತಳ ಮುಚ್ಚಿದ ಉಂಗುರದಲ್ಲಿ ಬಣ್ಣದ ತಗಡನ್ನಿಟ್ಟು ಮಂಕು ಹರಳನ್ನೂ ಹೊಳೆಯುವಂತೆ ಮಾಡಬಹುದು. ಬಂಗಾರದಲ್ಲಿ ಕಟ್ಟಿಸುವವರು ಇನ್ನೊಂದು ಸಂಗತಿಯನ್ನು ನೆನಪಿಡಬೇಕು: 2023ರ ಏಪ್ರಿಲ್ 1ರಿಂದ ಕಡ್ಡಾಯವಾದ ಆರು ಅಕ್ಷರ-ಅಂಕಿಗಳ ಹಾಲ್‌ಮಾರ್ಕ್ ಸಂಖ್ಯೆ ಬಂಗಾರದ ಶುದ್ಧತೆಗೆ ಮಾತ್ರ ಸಾಕ್ಷಿ, ಹರಳಿನ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಹರಳಿನ ತೂಕವನ್ನು ಉಂಗುರದ ಒಟ್ಟು ತೂಕದಿಂದ ಕಳೆದು ಬೇರೆ ಸಾಲಿನಲ್ಲಿ ಬರೆಸಿಕೊಳ್ಳಬೇಕು.

ನಾವು ಕುಳಿತಿದ್ದಾಗ ಹಿರಿಯರೊಬ್ಬರು ಬಂದು, ಹವಳ ಹಾಕಿಕೊಂಡರೆ ಶುಗರ್ ಇಳಿಯುವುದೇ ಎಂದು ಕೇಳಿದರು. "ಕಾಕಾ, ಹವಳ ಹಾಕ್ಕೋರಿ, ಬ್ಯಾಡ ಅನ್ನೂದಿಲ್ಲ. ಆದ್ರ ಗುಳಿಗಿ ಬಿಡಬ್ಯಾಡ್ರಿ, ಇದು ಔಷಧ ಅಲ್ರಿ" ಎಂದು ಮಾಲೀಕರು ಸ್ಪಷ್ಟವಾಗಿ ಹೇಳಿದರು. ಕಾನೂನು ಕೂಡ ಇದನ್ನೇ ಹೇಳುತ್ತದೆ. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆಯು ತಾಯಿತ, ಮಂತ್ರ, ಕವಚಗಳನ್ನು ಮಾಂತ್ರಿಕ ಪರಿಹಾರಗಳೆಂದೇ ಹೆಸರಿಸಿ, ಪಟ್ಟಿಮಾಡಿದ ರೋಗಗಳಿಗೆ ಅವು ಮದ್ದೆಂದು ಜಾಹೀರಾತು ಕೊಡುವುದನ್ನು ನಿಷೇಧಿಸಿದೆ. ಮಧುಮೇಹವೂ ಆ ಪಟ್ಟಿಯಲ್ಲಿದೆ. ಮಗನ ನೌಕರಿ, ಮಗಳ ಮದುವೆ, ಮನೆಯವರ ಬೇನೆ ಎಂದು ಕಂಗೆಟ್ಟು ಬಂದವರ ಭಯವನ್ನು ಇನ್ನಷ್ಟು ಹೆಚ್ಚಿಸಿ ದುಡ್ಡು ಕೀಳುವುದು ನನ್ನ ದೃಷ್ಟಿಯಲ್ಲಿ ಕಲ್ಲಿನ ಕಲಬೆರಕೆಗಿಂತ ದೊಡ್ಡ ಅಪರಾಧ.

ಇದೇ ಊರಿನ ಬೇರೊಂದು ಅಂಗಡಿಯಲ್ಲಿ ನಮಗೆ ಆನೆಯ ಬಾಲದ ಕೂದಲಿನ ಉಂಗುರವನ್ನೂ, "ಹತ್ತಾ ಜೋಡಿ" ಎಂಬ ಬೇರನ್ನು ಇರಿಸಿದ ಬೆಳ್ಳಿಯ ತಾಯಿತವನ್ನೂ ತೋರಿಸಿದ್ದರು. ಹತ್ತಾ ಜೋಡಿ ಎಂದು ಮಾರಾಟವಾಗುವುದು ಬಹುತೇಕ ಬೇರೇ ಅಲ್ಲ, ಕೊಂದ ಗಂಡು ಉಡದ ಜನನಾಂಗವನ್ನು ಒಣಗಿಸಿದ್ದು ಎಂಬುದು ಈಗಾಗಲೇ ಬಯಲಾಗಿದೆ. ಉಡವೂ ಆನೆಯೂ ಹುಲಿಯೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. 2023ರ ಅಕ್ಟೋಬರ್‌ನಲ್ಲಿ ಹುಲಿ ಉಗುರಿನ ಪದಕ ಧರಿಸಿದ್ದ ಟಿವಿ ಸ್ಪರ್ಧಿಯೊಬ್ಬರ ಬಂಧನವಾದದ್ದು ಎಲ್ಲರಿಗೂ ನೆನಪಿರಬಹುದು. ಧರಿಸಿದವರೂ ಸಿಕ್ಕಿಬೀಳುತ್ತಾರೆ. ನಾನು ವಿಮರ್ಶಿಸುತ್ತಿರುವ ಅಂಗಡಿಯಲ್ಲಿ ಪ್ರಾಣಿಮೂಲದ ಸರಕೆಂದರೆ ಮುತ್ತು, ಹವಳ, ಶಂಖ ಇಷ್ಟೇ.

ಕೊರತೆಗಳೂ ಇವೆ. ರುದ್ರಾಕ್ಷಿಯನ್ನು ನೀರಿನಲ್ಲಿ ಮುಳುಗಿಸಿ "ಮುಳುಗಿತು, ಅಸಲಿ" ಎನ್ನುವ ಹಳೆಯ ಪರೀಕ್ಷೆಯನ್ನೇ ಇಲ್ಲಿಯೂ ಮಾಡುತ್ತಾರೆ. ಒಣಗಿದ ಅಸಲಿ ಕಾಯಿ ತೇಲಬಹುದು, ಒಳಗೆ ಸೀಸ ತುಂಬಿದ ನಕಲಿ ಮುಳುಗಬಹುದು, ಆದ್ದರಿಂದ ಈ ಪರೀಕ್ಷೆಗೆ ಬೆಲೆಯಿಲ್ಲ. ಮುಖಗಳ ಸಂಖ್ಯೆಗೆ ಒಳಗಿನ ಬೀಜದ ಕೋಣೆಗಳು ಹೊಂದುತ್ತವೆಯೇ ಎಂದು ಕ್ಷಕಿರಣದಲ್ಲಿ ನೋಡುವುದೇ ಸರಿಯಾದ ದಾರಿ. ಹೇರಳವಾಗಿ ಸಿಗುವ ಐದು ಮುಖದ್ದಕ್ಕೆ ಈ ಖರ್ಚು ಬೇಡ, ಆದರೆ ಏಕಮುಖಿಯೆಂದು ಸಾವಿರಾರು ರೂಪಾಯಿ ಹೇಳುವಾಗ ಬೇಕೇ ಬೇಕು. ಏಳು ಚಕ್ರಗಳ ಹೆಸರಿನ ಬಣ್ಣದ ಮಣಿಗಳ ಕೈಸರಗಳಿಗೆ ಯಾವ ವಿವರವನ್ನೂ ಬರೆದುಕೊಡುವುದಿಲ್ಲ. ಪಂಚಧಾತುವಿನಲ್ಲಿ ಯಾವ ಲೋಹ ಎಷ್ಟಿದೆಯೆಂದು ಕೇಳಿದಾಗಲೂ ಸಮಾಧಾನಕರ ಉತ್ತರ ಬರಲಿಲ್ಲ. ಅಗ್ಗದ ಮಿಶ್ರಲೋಹದಲ್ಲಿ ನಿಕ್ಕಲ್ ಇದ್ದರೆ ಬೆರಳಿಗೆ ತುರಿಕೆ ಏಳುತ್ತದೆ, ಅದನ್ನು ಗ್ರಹದ ಪ್ರಭಾವವೆಂದು ತಿಳಿದು ಉಂಗುರ ತೆಗೆಯದೆ ನರಳಿದವರನ್ನು ನಾನು ಕಂಡಿದ್ದೇನೆ. ಹರಳಿಗೆ ತೋರಿಸುವ ಪ್ರಾಮಾಣಿಕತೆಯನ್ನು ಮಾಲೀಕರು ಲೋಹಕ್ಕೂ ತೋರಿಸಬೇಕು.

ನೀಲ ಎಲ್ಲರಿಗೂ ಆಗಿಬರುವುದಿಲ್ಲ, ಕಟ್ಟಿಸುವ ಮೊದಲು ತಲೆದಿಂಬಿನ ಕೆಳಗಿಟ್ಟು ಮಲಗಿ ನೋಡಬೇಕೆಂಬ ನಂಬಿಕೆ ಇರುವುದರಿಂದ, ಪೂರ್ಣ ಹಣ ಠೇವಣಿ ಇಟ್ಟುಕೊಂಡು ಬಿಡಿ ಹರಳನ್ನು ಒಂದು ವಾರದ ಮಟ್ಟಿಗೆ ಮನೆಗೆ ಕೊಡುತ್ತಾರೆ. ಮರಳಿಸಿದರೆ ಮತ್ತೆ ತೂಗಿ, ಭೂತಗನ್ನಡಿಯಲ್ಲಿ ನೋಡಿ, ಹಣವನ್ನು ಕಡಿತವಿಲ್ಲದೆ ಹಿಂದಿರುಗಿಸುತ್ತಾರೆ. ಉಂಗುರಕ್ಕೆ ಕಟ್ಟಿಸಿದ ಮೇಲೆ ಮಾತ್ರ ಮರಳಿ ತೆಗೆದುಕೊಳ್ಳುವುದಿಲ್ಲ. ಈ ಷರತ್ತು ಪಾವತಿಯ ಹಿಂಬದಿಯಲ್ಲಿ ಕನ್ನಡದಲ್ಲಿಯೇ ಅಚ್ಚಾಗಿದೆ.